ಐದನೇ ಶೆಡ್ಡಿನ ಸೈರನ್

ವಾಸನೆ ನಿಂತುಹೋಯಿತು.

ಆಗಲೇ ನನ್ನ ಎದೆ ಝಲ್ಲೆಂದಿತು, ಭಾವ!

ವಾಸನೆ ನಿಂತರೆ ಒಳ್ಳೆಯದೇ ಅಲ್ಲವೇ ಎನ್ನುತ್ತೀರಿ. ಲಾಯರುಗಳಿಗೆ ಹಾಗೇ ಅನ್ನಿಸುತ್ತದೆ. ಹಂದಿ ಶೆಡ್ಡಿನ ಕೆಳಗೆ ಹೊಲಸಿನ ಗುಂಡಿ ಇರುತ್ತದೆ. ಅದನ್ನು ಕದಡಿದರೆ ಗ್ಯಾಸು ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗ್ಯಾಸು ಜಾಸ್ತಿಯಾದರೆ ಮೂಗು ಸತ್ತುಹೋಗುತ್ತದೆ. ಮೂಗು ಸತ್ತ ಸ್ವಲ್ಪ ಹೊತ್ತಿಗೆ ಮೂಗಿನ ಯಜಮಾನನೂ ಸಾಯುತ್ತಾನೆ.

ನಾನಿದ್ದದ್ದು ಐದನೇ ಶೆಡ್ಡಿನ ಪಂಪ್ ರೂಮಿನಲ್ಲಿ. ಅರ್ಧ ನೆಲದೊಳಗೆ, ಅರ್ಧ ಮೇಲೆ. ಕಬ್ಬಿಣದ ಬಾಗಿಲು. ಚಿಲಕ ಹೊರಗಿನಿಂದ! ಗೋಡೆಯಾಚೆ ಗುಂಡಿ ಕದಡುವ ಮೋಟರು ಗುರ್ರೆನ್ನುತ್ತಿತ್ತು... ಪಕ್ಕದಲ್ಲಿ ಒಬ್ಬಳು ಹೆಂಗಸು, ಕೆಮ್ಮಿನ ನಡುವೆ ನನ್ನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು.

ಬೈಯುವ ಹಕ್ಕು ಅವಳಿಗಿತ್ತು. ಅವಳನ್ನು ಅಲ್ಲಿಗೆ ತಂದು ಒಪ್ಪಿಸಿದವನು ನಾನೇ.

ಮುಖ ಕಿವುಚಬೇಡಿ, ಭಾವ. ಜಾಮೀನಿಗೆಂದು ಬಂದಿದ್ದೀರಿ, ಪೂರ್ತಿ ಕೇಳಿ. ನಮ್ಮಕ್ಕನಿಗೆ ಆಮೇಲೆ ನಿಮಗೆ ಬೇಕಾದಂತೆ ಸುಣ್ಣಬಣ್ಣ ಹಚ್ಚಿ ಹೇಳಿಕೊಳ್ಳಿ.

ನನ್ನ ಕೆಲಸ ನಿಮಗೆ ಗೊತ್ತು. ತಲೆ ತಪ್ಪಿಸಿಕೊಂಡವರನ್ನು ಹುಡುಕಿ ಹಿಡಿದುಕೊಡುವುದು. ಅದಕ್ಕೇ 'ಇಕ್ಕಳ' ಎಂದು ಹೆಸರು. ಹಿಡಿದರೆ ಬಿಡುವುದಿಲ್ಲ. ಹಿಡಿದುಕೊಟ್ಟ ಮೇಲೆ ಏನು ಮಾಡುತ್ತೀರಿ ಎಂದು ಕೇಳುವುದೂ ಇಲ್ಲ. ಹದಿನೆಂಟು ವರ್ಷ ಕೇಳದೆಯೇ ಅನ್ನ ತಿಂದೆ.

ಹದಿನೈದು ದಿನದ ಹಿಂದೆ ಫಾರಂ ಮ್ಯಾನೇಜರ್ ಕರೆಸಿದ. ಆರು ಶೆಡ್ಡು. ಒಂದೊಂದರಲ್ಲಿ ಸಾವಿರದ ಇನ್ನೂರು ಹಂದಿ. ಅವನ ಆಫೀಸಿನಲ್ಲಿ ಮಾತ್ರ ಮಲ್ಲಿಗೆ ಸೆಂಟಿನ ಘಮ. ಬಿಳಿ ಶರ್ಟು, ಇಸ್ತ್ರಿ ಗೆರೆ ಮುರಿದಿರಲಿಲ್ಲ.

"ಒಳಗೊಬ್ಬರು ಸೇರ್ಕೊಂಡಿದಾರೆ," ಎಂದ. "ಪ್ರಾಣಿಗಳ ಪರ ಕೂಗಾಡೋ ಗುಂಪಿನೋರು. ಕೆಲಸದೋರ ವೇಷದಲ್ಲಿ."

"ಏನು ಕದ್ರು?"

"ಏನೂ ಕದ್ದಿಲ್ಲ. ನೋಡ್ತಿದಾರೆ."

"ನೋಡೋದು ಯಾವಾಗಿಂದ ಅಪರಾಧ?"

"ಬರೋ ವಾರ ಶುಕ್ರವಾರ ಮೂರು ಗಂಟೆಗೆ ಅಹವಾಲು ಸಭೆ ಇದೆ. ಇನ್ನೂ ನಾಲ್ಕು ಶೆಡ್ಡಿಗೆ ಪರವಾನಗಿ ಕೇಳಿದೀವಿ. ಅಲ್ಲಿ ಬಂದು ಬಾಯಿ ಬಿಟ್ರೆ ಇರೋ ಆರಕ್ಕೂ ಬೀಗ."

"ಬಾಯಿ ಬಿಡೋಕೆ ಅಂಥದ್ದೇನಿದೆ?"

ಅವನು ಎದ್ದು ಕಿಟಕಿಯ ಪರದೆ ಎಳೆದ. ಅಷ್ಟರಲ್ಲಿ ನನಗೆ ಕಂಡಾಗಿತ್ತು. ಕೆರೆ... ದಪ್ಪ ಹಸಿರು ಕೆನೆ ಕಟ್ಟಿದ ಕೆರೆ. ದಂಡೆಯುದ್ದಕ್ಕೂ ಹೊಟ್ಟೆ ಮೇಲಾಗಿ ಬಿದ್ದ ಮೀನು.

"ಶುಕ್ರವಾರದೊಳಗೆ ಹುಡುಕಿ ತಂದುಬಿಡು, ಇಕ್ಕಳ. ನಾಲ್ಕು ಮಾತಾಡಿ ಕಳಿಸ್ತೀವಿ."

ನಾಲ್ಕು ಮಾತು! ನಂಬಿದೆ. ನಂಬಿದೆ ಎನ್ನುವುದೂ ಸುಳ್ಳೇ... ನಂಬುವುದು ಸಲೀಸಾಗಿತ್ತು.

ನಲವತ್ತೊಂದು ಜನ ಕೆಲಸದವರು. ಒಳಗೆ ಹೋಗುವಾಗ ಸ್ನಾನ, ಬರುವಾಗ ಸ್ನಾನ. ಫಾರಂ ಕೊಟ್ಟ ಬಟ್ಟೆ, ಫಾರಂ ಕೊಟ್ಟ ಬೂಟು. ಮೊಬೈಲ್ ಗೇಟಿನಲ್ಲೇ. ಹಂದಿಗೆ ರೋಗ ತಗಲಬಾರದು ಎನ್ನುವ ನೆಪ. ಹಾಗಾಗಿ ಫೋಟೋ ಇಲ್ಲ, ಕಾಗದ ಇಲ್ಲ. ನೋಡಿದ್ದನ್ನು ತಲೆಯಲ್ಲಿ ಹೊತ್ತುಕೊಂಡೇ ಹೋಗಬೇಕು. ತಲೆಯ ಜೇಬು ತಡಕುವುದು ಹೇಗೆ, ನೀವೇ ಹೇಳಿ!

ತಿಂಗಳ ಕೊನೆಗೆ ಫಾರಂನವರು ಪ್ರತಿಯೊಬ್ಬರಿಗೂ ಎರಡು ಕಿಲೋ ಮಾಂಸ ಕೊಡುತ್ತಾರೆ. ಬೇಡ ಅಂದವರು ಯಾರು ಎಂದು ವಿಚಾರಿಸಿದೆ. ಒಬ್ಬರೂ ಇಲ್ಲ. ಸರಿ, ಒಬ್ಬೊಬ್ಬರ ಮನೆ ಹಿಂದೆ ಅಲೆದೆ. ಕಸದ ಬುಟ್ಟಿಯಲ್ಲಿ ಎಲುಬು ಹುಡುಕುತ್ತ! ಕರಿ ಕೋಟು ಹಾಕಿಕೊಂಡು ಮಾಡುವ ಕೆಲಸವಲ್ಲ ನಮ್ಮದು.

ಒಂದು ಬಾಡಿಗೆ ರೂಮಿನ ಬುಟ್ಟಿಯಲ್ಲಿ ಎಲುಬಿರಲಿಲ್ಲ.

ಹಿತ್ತಲಿಗೆ ಹೋದೆ. ಬೇಲಿಯ ಬದಿಗೆ ಸಾಲಾಗಿ ಐದು ಪುಟ್ಟ ಮಣ್ಣಿನ ದಿಬ್ಬ. ಪ್ರತಿಯೊಂದರ ಮೇಲೂ ಒಂದು ಕಲ್ಲು. ತೀರಾ ಹೊಸದನ್ನು ಕೆದಕಿದೆ... ಹಳೇ ಹತ್ತಿಬಟ್ಟೆಯಲ್ಲಿ ಮಡಿಸಿ ಸುತ್ತಿದ ಮಾಂಸ!

ಬೇರೆ ಯಾರೇ ಆಗಿದ್ದರೂ ಪಕ್ಕದ ಮನೆಗೆ ಕೊಡುತ್ತಿದ್ದರು. ನಾಯಿಗೆ ಹಾಕುತ್ತಿದ್ದರು. ಇವಳು ಸಮಾಧಿ ಮಾಡಿದ್ದಳು! ಐದು ತಿಂಗಳು, ಒಂದೂ ತಪ್ಪಿಸದೆ. ಇಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡವಳು ಇಷ್ಟಕ್ಕೆ ಸಿಕ್ಕಿಬಿದ್ದಳಲ್ಲ ಎಂದು ನಕ್ಕೆ. ನಗು ಅರ್ಧಕ್ಕೇ ನಿಂತಿತು, ಏಕೆಂದು ಕೇಳಬೇಡಿ.

ಐದನೇ ಶೆಡ್ಡಿನವಳು. ಸೇರಿ ಐದು ತಿಂಗಳಾದರೂ ಎಲ್ಲರ ಬಾಯಲ್ಲಿ ಅವಳಿನ್ನೂ 'ಹೊಸಬಳು'.

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಬಸ್ ನಿಲ್ದಾಣದಲ್ಲಿ ಹಿಡಿದೆ. ನನ್ನನ್ನು ನೋಡಿದ್ದೇ ಕಾಲಿಗೆ ಬುದ್ಧಿ ಹೇಳಿದಳು. ಬಟ್ಟೆ ಒಗೆಯುವ ಅಂಗಡಿಗೆ ನುಗ್ಗಿದಳು. ನಾನೂ ನುಗ್ಗಿದೆ. ಹಿಂಬಾಗಿಲು, ಓಣಿ, ಗೋಡೆ... ಗೋಡೆ ಹತ್ತುವಾಗ ಕಾಲು ಎಳೆದೆ. ಮುಂಗೈ ಕಚ್ಚಿದಳು. ನೋಡಿ, ಹಲ್ಲಿನ ಗುರುತು ಇನ್ನೂ ಇದೆ!

ಕಾರಿನಲ್ಲಿ ಕೂರಿಸಿ ಬಾಗಿಲು ಲಾಕ್ ಮಾಡಿದೆ.

"ಮಾಂಸ ತಿನ್ನದೋಳು ಕಚ್ಚೋದು ಮಾತ್ರ ಚೆನ್ನಾಗಿ ಕಲಿತಿದೀಯ," ಎಂದೆ.

"ಉಗಿದುಬಿಟ್ಟೆ. ಅಷ್ಟು ಕೊಳಕು ಇನ್ನೇನೂ ಬಾಯಿಗೆ ಹಾಕಿಲ್ಲ."

"ಸುಮ್ನೆ ಕೂತ್ಕೋ. ತಲೆ ತಿನ್ಬೇಡ."

"ಈಗ ತಾನೇ ನೀನೇ ಹೇಳಿದೆ. ಮಾಂಸ ತಿನ್ನಲ್ಲ ನಾನು."

ಆಮೇಲೆ ಗೊಣಗತೊಡಗಿದಳು. "ಎರಡನೇ ತಾರೀಖು, ಮಂಗಳವಾರ, ಮಧ್ಯಾಹ್ನ ಒಂದೂಕಾಲು, ಐದನೇ ಶೆಡ್ಡಿನ ವಾಲ್ವು, ನಲವತ್ತು ನಿಮಿಷ ಕೆರೆಗೆ... ಒಂಬತ್ತನೇ ತಾರೀಖು, ಮೂರನೇ ಶೆಡ್ಡು..."

"ಏನದು?"

"ಪಾಠ ಒಪ್ಪಿಸ್ತಿದೀನಿ. ಮೂವತ್ತೊಂದು ಸಲ ಹೊಲಸು ಬಿಟ್ಟಿದಾರೆ. ಮೂರು ಗಂಟೆಗೆ ಒಂದೂ ಮರೀಬಾರ್ದು." ನನ್ನತ್ತ ತಿರುಗಿದಳು. "ಆ ಕೆರೆ ನೀರು ಯಾರ್ಯಾರ ನಲ್ಲಿಗೆ ಹೋಗುತ್ತೆ ಗೊತ್ತಾ ನಿನಗೆ?"

ಗೊತ್ತಿತ್ತು, ಭಾವ. ನಿಮ್ಮ ಮನೆ ನಲ್ಲಿಗೆ. ಅಕ್ಕ ಎರಡೆರಡು ಸಲ ಕುದಿಸಿ ಕೊಡುವ ನೀರದು. ರೇಡಿಯೋ ಜೋರು ಮಾಡಿದೆ.

ಗೇಟಿನಲ್ಲಿ ಮ್ಯಾನೇಜರ್ ನಗುತ್ತ ನಿಂತಿದ್ದ. "ಐದನೇ ಶೆಡ್ಡಿನ ಪಂಪ್ ರೂಮಿಗೆ ಕರ್ಕೊಂಡು ಹೋಗು. ಅಲ್ಲಾದ್ರೆ ಯಾರಿಗೂ ಕೇಳಿಸಲ್ಲ. ಹಿಂದೇನೇ ಬಂದೆ."

ಹಿಂದೇನೇ ಬಂದ, ನಿಜ. ನಾವು ಒಳಗೆ ಕಾಲಿಟ್ಟೆವು. ಧಡ್! ಬಾಗಿಲು ಬಿತ್ತು. ಚಿಲಕ ಸರಿದ ಸದ್ದು.

"ಏಯ್! ನಾನೂ ಒಳಗಿದೀನಿ!"

"ಗೊತ್ತು, ಇಕ್ಕಳ."

"ಬಾಗಿಲು ತೆಗಿ!"

"ಒಬ್ಬಳೇ ಸತ್ರೆ ಕೊಲೆ ಅಂತಾರೆ. ಕದ್ದು ನುಗ್ಗಿದೋಳು, ಹಿಡಿಯೋಕೆ ಹೋದೋನು, ಇಬ್ರೂ ಗ್ಯಾಸಿಗೆ ಸಿಕ್ರು ಅಂದ್ರೆ ಅಪಘಾತ. ಬೇಜಾರ್ ಮಾಡ್ಕೋಬೇಡ."

ಮೋಟರು ಶುರುವಾಯಿತು.

ಗಂಟಲು ಹರಿಯುವಂತೆ ಕೂಗಿದೆ. ಯಾರಿಗೆ ಕೇಳಬೇಕು! ಕೆಲಸದವರೆಲ್ಲ ಆರನೇ ಶೆಡ್ಡಿನಲ್ಲಿ ಲಾರಿಗೆ ಹಂದಿ ಹತ್ತಿಸುತ್ತಿದ್ದರು. ಮೇಲೆ ದೊಡ್ಡ ಫ್ಯಾನುಗಳ ಅಬ್ಬರ. ನಾರತೊಡಗಿತು, ಕಣ್ಣು ಉರಿಯಿತು. ಆಮೇಲೆ ಹೇಳಿದೆನಲ್ಲ... ವಾಸನೆ ನಿಂತಿತು.

"ಮೇಲೆ ಹತ್ತು!" ಅವಳೇ ನನ್ನ ಕಾಲರ್ ಹಿಡಿದು ಎಳೆದಳು. "ಗ್ಯಾಸು ಭಾರ, ಕೆಳಗೇ ನಿಲ್ಲುತ್ತೆ. ಪಂಪಿನ ಮೇಲೆ ಹತ್ತು, ಪೆದ್ದ!"

ಹತ್ತಿದೆವು. ತಲೆ ಗಿರ್ರೆನ್ನುತ್ತಿತ್ತು. ಆಗ ಕಂಡಿತು... ಗೋಡೆಯ ಮೇಲೆ ಕೆಂಪು ಹಿಡಿಯ ಮೇನ್ ಸ್ವಿಚ್. ಐದನೇ ಶೆಡ್ಡಿನ ಫ್ಯಾನುಗಳದ್ದು.

"ಇದನ್ನ ಇಳಿಸಿದ್ರೆ?"

ಅವಳ ಮುಖ ಬಿಳುಚಿತು. "ಬೇಡ."

"ಏನಾಗುತ್ತೆ ಹೇಳು!"

"ಫ್ಯಾನು ನಿಂತ್ರೆ ಸೈರನ್ ಕೂಗುತ್ತೆ. ಎಲ್ಲಾರೂ ಓಡಿ ಬರ್ತಾರೆ. ಆದ್ರೆ ಗುಂಡಿ ಗ್ಯಾಸನ್ನ ಹೊರಗೆ ಎಳೀತಿರೋದೇ ಆ ಫ್ಯಾನು, ನಿಂತ್ರೆ ಎಲ್ಲಾ ಶೆಡ್ಡಿಗೇ ನುಗ್ಗುತ್ತೆ. ಮೇಲೆ ಸಾವಿರದ ಇನ್ನೂರು ಜೀವ ಇದಾವೆ!"

"ಇಲ್ಲಿ ಇಬ್ರು ಇದೀವಿ!"

"ಇಬ್ರೇ ತಾನೇ!"

ಲೆಕ್ಕಕ್ಕೆ ಸರಿಯೇ! ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಸಾಯುತ್ತಿರುವ ಹೆಂಗಸು, ಎರಡೂ ಕೈಯಲ್ಲಿ ಸ್ವಿಚ್ಚಿಗೆ ಅಡ್ಡ ನಿಂತಿದ್ದಾಳೆ... ಹಂದಿಗಳಿಗೋಸ್ಕರ!

"ನೀನು ಸತ್ರೆ ಆ ಮೂವತ್ತೊಂದು ತಾರೀಖೂ ನಿನ್ ಜೊತೆ ಸಾಯ್ತವೆ! ಇನ್ನೂ ನಾಲ್ಕು ಶೆಡ್ಡು ಏಳುತ್ತೆ! ಆ ಹಂದಿಗಳನ್ನ ಯಾರು ನೋಡ್ತಾರೆ?"

ಅವಳು ಒಮ್ಮೆ ಸ್ವಿಚ್ಚಿನತ್ತ ತಿರುಗಿ ನೋಡಿದಳು. ಆದರೆ ಕೈ ತೆಗೆಯಲಿಲ್ಲ.

ಹೊಡೆದೆ, ಭಾವ. ಅವಳ ಮೊಣಕೈಗೆ ಬಲವಾಗಿ ಹೊಡೆದೆ. ಕೈ ಸಡಿಲವಾದದ್ದೇ ಹಿಡಿಯನ್ನು ಕೆಳಗೆಳೆದೆ.

ಫ್ಯಾನು ನಿಂತವು. ಒಂದು ಕ್ಷಣ ಎಲ್ಲ ಸ್ತಬ್ಧ. ಆಮೇಲೆ ಸೈರನ್! ಅದರ ಹಿಂದೆಯೇ ಮೇಲಿನಿಂದ ಕಿರುಚಾಟ. ಸಾವಿರದ ಇನ್ನೂರು ಗಂಟಲು ಒಟ್ಟಿಗೆ... ಅವಳು ಕಿವಿ ಮುಚ್ಚಿಕೊಂಡು ಗೋಡೆಗೆ ಹಣೆ ಚಚ್ಚಿಕೊಂಡಳು. ನಾನು ಅಷ್ಟು ಗಟ್ಟಿಯಾಗಿ ಕೂಗಿದಾಗ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಈಗ ಇಡೀ ಫಾರಂ ದಬದಬ ಓಡಿ ಬಂತು. ಒಬ್ಬರು ಮೋಟರು ನಿಲ್ಲಿಸಿದರು, ಇನ್ನು ಕೆಲವರು ಗಾಳಿಯಾಡಲೆಂದು ಶೆಡ್ಡಿನ ಪಕ್ಕದ ಪರದೆಗಳನ್ನು ಕಿತ್ತೆಸೆದರು.

ಸ್ವಿಚ್ ನೋಡಲೆಂದು ಚಿಲಕ ತೆಗೆದವಳು ಶೆಡ್ಡಿನ ಹಿರಿಯ ಕೆಲಸದವಳು. ಎಲ್ಲರೂ 'ದೊಡ್ಡಮ್ಮ' ಎನ್ನುತ್ತಾರೆ.

"ಅಯ್ಯೋ ದೇವರೇ! ಹೊಸಬಳು! ಇಲ್ಲೇನೇ ಮಾಡ್ತಿದೀಯ ನೀನು?"

ಹೊರಗೆ ಬಿದ್ದು ವಾಂತಿ ಮಾಡಿಕೊಂಡೆವು. ದೊಡ್ಡಮ್ಮ ಒಳಗೆ ಕೈ ಹಾಕಿ ಹಿಡಿಯನ್ನು ಮೇಲೆತ್ತಿದಳು. ಫ್ಯಾನು ಮತ್ತೆ ತಿರುಗಿದವು. ಅಂಗಳದಾಚೆ ಬಿಳಿ ಶರ್ಟು ಕಂಡಿತು. ನಮ್ಮನ್ನು ನೋಡಿತು. ಜೀಪಿನತ್ತ ಓಡಿತು!

"ನಡಿ!"

"ಎಷ್ಟು ಸತ್ವು ನೋಡ್ಬೇಕು ನಾನು!"

"ನೋಡೋಕೆ ನಿಂತ್ರೆ ನಾವೂ ಆ ಸಾಲಿಗೇ! ನಡಿ ಅಂದೆ!"

ಹೆಗಲ ಮೇಲೆ ಹೊತ್ತು ಕಾರಿಗೆ ಎಸೆದೆ. ಬೆನ್ನಿಗೆ ಗುದ್ದುತ್ತಲೇ ಇದ್ದಳು. ಗೇಟಿನ ಅಡ್ಡಗಂಬ ಮುರಿದು ಬಾನೆಟ್ ಮೇಲೆ ಬಿತ್ತು. ಕನ್ನಡಿಯಲ್ಲಿ ಜೀಪು. ಕೆರೆ ದಂಡೆಯ ಕಿರಿದಾದ ರಸ್ತೆ. ಢಮ್! ಹಿಂದಿನಿಂದ ಗುದ್ದಿದ. ಇನ್ನೊಂದು ಸಲ. ಡಿಕ್ಕಿ ಬಾಗಿಲು ಕಿತ್ತುಹೋಯಿತು.

"ಮುಂದೆ ತೂಬಿನ ಹತ್ರ ರಸ್ತೆ ಮೇಲೆ ಹೊಲಸು ಹರಿದಿದೆ," ಎಂದಳು. "ಜಾರುತ್ತೆ. ಮೆಲ್ಲಗೆ ಹೋಗು."

"ಮೆಲ್ಲಗೆ ಹೋದ್ರೆ ಗುದ್ದುತಾನೆ!"

"ಹೇಳಿದಷ್ಟು ಮಾಡು! ಈ ರಸ್ತೇಲಿ ಐದು ತಿಂಗಳು ನಡೆದಿದೀನಿ."

ಗೇರ್ ಇಳಿಸಿ ಮೆಲ್ಲಗೆ ದಾಟಿದೆ. ಅವನು ಆಫೀಸಿನ ಕಿಟಕಿಗೆ ಪರದೆ ಎಳೆದುಕೊಂಡವನು, ಆ ತಿರುವಿನಲ್ಲಿ ಏನು ಹರಿದಿದೆ ಎಂದು ನೋಡಿದವನಲ್ಲ. ವೇಗವಾಗಿ ಬಂದ. ಜೀಪು ಅಡ್ಡಡ್ಡ ಜಾರಿ ಕೆರೆಗಿಳಿಯಿತು. ಬಾನೆಟ್ ತನಕ ಹಸಿರು ಕೆನೆ. ಅವನು ಮೇಲಕ್ಕೆ ಹತ್ತಿ ನಿಂತು ಏನೋ ಅರಚುತ್ತಿದ್ದ. ಶರ್ಟು ಬಿಳಿ ಇರಲಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗ ಅವಳನ್ನು ಅಹವಾಲು ಸಭೆಯ ಬಾಗಿಲಲ್ಲಿ ಇಳಿಸಿದೆ. ಹಾಗೇ ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ಒಳಗೆ ಹೋಗಿ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದೆ.

ನಿಂತೇ ಹೇಳಿದಳು, ಮೂವತ್ತೊಂದೂ ತಾರೀಖು. ವಾರ, ಗಂಟೆ, ಶೆಡ್ಡು. ಬಟ್ಟೆಯ ಮೇಲೆ ವಾಂತಿ ಒಣಗಿತ್ತು. ಸೊಲ್ಲು ಒಂದು ಕಡೆಯೂ ತಡವರಿಸಲಿಲ್ಲ.

ಮುಂದಿನ ಸಾಲಿನಿಂದ ಫಾರಂ ಯಜಮಾನ ಎದ್ದ. "ಕಟ್ಟುಕತೆ, ಮೇಡಂ! ಒಂದು ಫೋಟೋ ಇದೆಯಾ? ಒಂದು ಚೀಟಿ ಇದೆಯಾ? ಯಾರು ಬೇಕಾದ್ರೂ ಬಂದು ಕ್ಯಾಲೆಂಡರ್ ಓದಬಹುದು."

ಜನ ನಕ್ಕರು. ಸಭೆ ನಡೆಸುತ್ತಿದ್ದ ಅಧಿಕಾರಿಣಿ ಕನ್ನಡಕ ತೆಗೆದರು. "ಸಾಕ್ಷಿ ಯಾರಾದ್ರೂ ಇದಾರೇನಮ್ಮ?"

ಅವಳು ತಿರುಗಿದಳು. ಬೆರಳು ನೇರ ನನ್ನ ಮೇಲೆ.

"ಅವನು. ಇವತ್ತು ನಾನು ಇಲ್ಲಿಗೆ ಬರ್ದೇ ಇರ್ಲಿ ಅಂತ ನನ್ನನ್ನ ಹಿಡಿದು ಅವ್ರಿಗೆ ಒಪ್ಪಿಸಿದೋನು. ಕೇಳಿ."

ಒಂದು ಒಳ್ಳೆಯ ಮಾತಿಲ್ಲ! ಬದುಕಿಸಿದ ಎನ್ನುವ ಸುಳಿವೂ ಇಲ್ಲ! ಯಜಮಾನ ನನ್ನನ್ನು ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದ. 'ಗೊತ್ತಿಲ್ಲ' ಎಂದರೆ ಸಾಕಿತ್ತು, ಭಾವ. ನಾನು ಆರಾಮಾಗಿ ಮನೆಗೆ. ಅವಳು ಹುಚ್ಚಿ. ಕೆರೆಗೆ ಇನ್ನೂ ನಾಲ್ಕು ಶೆಡ್ಡಿನ ಹೊಲಸು.

ಎದ್ದು ನಿಂತೆ.

"ಹೌದು ಮೇಡಂ. ಹಿಡಿದುಕೊಟ್ಟೋನು ನಾನೇ. ಅವಳು ಹೇಳೋದು ಸುಳ್ಳಾಗಿದ್ರೆ ನಮ್ಮಿಬ್ಬರನ್ನೂ ಪಂಪ್ ರೂಮಿಗೆ ಹಾಕಿ ಯಾಕೆ ಗ್ಯಾಸು ಬಿಡ್ತಿದ್ರು? ಬರ್ಕೊಳ್ಳಿ."

ಆಮೇಲೆ ಯಾರೂ ನಗಲಿಲ್ಲ. ಪರವಾನಗಿ ಅಲ್ಲೇ ನಿಂತಿತು. ಎರಡು ಜೀಪು ಪೊಲೀಸರು ಬಂದರು, ಒಂದು ಫಾರಮ್ಮಿಗೆ, ಒಂದು ನನಗೆ.

ಜೀಪು ಹತ್ತುವಾಗ ಅವಳು ಹತ್ತಿರ ಬಂದಳು. ಸುಳ್ಳೇಕೆ ಹೇಳಲಿ, ಒಂದು 'ಥ್ಯಾಂಕ್ಸ್' ಬರಬಹುದು ಎಂದು ಆಸೆಯಾಯಿತು.

"ಹದಿನೇಳು," ಎಂದಳು.

"ಏನು?"

"ದೊಡ್ಡಮ್ಮ ಫೋನ್ ಮಾಡಿದ್ಲು. ಐದನೇ ಶೆಡ್ಡಲ್ಲಿ ಹದಿನೇಳು ಸತ್ತಿವೆ. ಸ್ವಿಚ್ ಎಳೆದೋನು ನೀನು. ಹೇಳಿಕೇಲಿ ಅದನ್ನೂ ಬರೆಸು."

ತಿರುಗಿ ಹೋದಳು. ಅಳುತ್ತಿದ್ದಳು. ನನಗೋಸ್ಕರ ಅಲ್ಲ.

ಈಗ ನೀವು, ಅವಳು ಸುಳ್ಳು ಹೇಳಿದಳು ಎಂದುಬಿಡು, ಜಾಮೀನು ಸಲೀಸು ಎನ್ನುತ್ತೀರಿ. ಆಗುವುದಿಲ್ಲ, ಭಾವ. ನೀವು ಬರೆದು ತಂದ ಆ ಹೊಸ ಹೇಳಿಕೆಯ ಕಾಗದ ಮಡಿಚಿ ಒಳಗಿಡಿ. ಅಪಹರಣ ಬರೆಸಿದ್ದೇನೆ, ಕೈ ಮಾಡಿದ್ದೂ ಬರೆಸಿದ್ದೇನೆ, ಹದಿನೇಳು ಹಂದಿ ಕೊಂದದ್ದನ್ನೂ ಬರೆಸಿದ್ದೇನೆ. ಇಡೀ ಹೇಳಿಕೆಯಲ್ಲಿ, ಇನ್ನೊಮ್ಮೆ ಮಾಡು ಎಂದರೆ ನಾನು ಮಾಡುವ ಅಪರಾಧ ಆ ಕೊನೆಯದೊಂದೇ.