ಮೂರು ಗ್ರಾಂ ಕಡಿಮೆ

"ಇನ್ನೊಂದ್ಸಲ ಇಡಿ ಮೇಡಂ, ಪ್ಲೀಸ್."

ಅವಳು ಶಾಟ್‌ಪುಟ್‌ನ ಕಬ್ಬಿಣದ ಗುಂಡನ್ನು ಎತ್ತಿ ಮತ್ತೆ ತಕ್ಕಡಿಯ ಮೇಲಿಟ್ಟಳು. ಅಂಕಿಗಳು ಹೊಯ್ದಾಡಿ ಮೊದಲಿನ ಜಾಗದಲ್ಲೇ ಬಂದು ನಿಂತವು. ಏಳು ಕೆಜಿ ಇನ್ನೂರ ಐವತ್ತೇಳು ಗ್ರಾಂ. ಇನ್ನೂರ ಅರವತ್ತು ಇರಲೇಬೇಕು.

"ಮೂರು ಗ್ರಾಂ ಕಡಿಮೆ. ಇದು ಮೈದಾನಕ್ಕೆ ಹೋಗೋ ಹಾಗಿಲ್ಲ."

ಎದುರಿಗಿದ್ದವನು ಬಾಗಿಲು ತುಂಬುವಂಥ ಆಸಾಮಿ. ಸ್ಟೇಡಿಯಂನ ಮೆಟ್ಟಿಲುಗಳ ಕೆಳಗಿದ್ದ ಆ ಕೋಣೆಗೆ ತಲೆ ಬಗ್ಗಿಸಿಯೇ ಬಂದಿದ್ದ. ಆ ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಯಾವ ದೇಶದವನೇ ಬರಲಿ, ಅವನ ಗುಂಡು, ಈಟಿ, ಡಿಸ್ಕಸ್ ಎಲ್ಲವೂ ಅವಳ ಮೇಜಿನ ಮೇಲೆ ಹಾದೇ ಮೈದಾನ ಸೇರಬೇಕು. ತೂಕ ಸರಿಯಿದ್ದರೆ ಹಸಿರು ಸ್ಟಿಕ್ಕರ್. ಇಲ್ಲದಿದ್ದರೆ ಹಿಂದಿನ ಕಪಾಟು, ಸ್ಪರ್ಧೆ ಮುಗಿಯುವ ತನಕ ಅದಕ್ಕೆ ಬೀಗ.

ಅವಳು ಅವನ ಕೂಗಾಟಕ್ಕೆ ಕಾದಳು. ಉಳಿದ ದಿನಗಳಲ್ಲಿ ಅವಳ ಕೆಲಸ ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು. ಒಂಬತ್ತು ವರ್ಷಗಳಲ್ಲಿ 'ಫ್ಯಾನ್ ಗಾಳಿ ಮೇಡಂ' ಎನ್ನುವುದರಿಂದ ಹಿಡಿದು ಕಣ್ಣೀರಿನವರೆಗೆ ಎಲ್ಲ ನಾಟಕವನ್ನೂ ನೋಡಿದ್ದಳು.

ಇವನು ಮಾತ್ರ ಗುಂಡನ್ನೇ ನೋಡುತ್ತ ಮೆಲ್ಲಗೆ ನಕ್ಕುಬಿಟ್ಟ.

"ಅಮ್ಮ ಉಜ್ಜಿಬಿಟ್ಟಿದಾಳೆ."

"ಏನು?"

"ಎಂಟು ವರ್ಷದಿಂದ ಇದೇ ಗುಂಡು. ನಾನು ಯಾವ ಕೂಟಕ್ಕೆ ಹೊರಟ್ರೂ, ತುಕ್ಕು ಹಿಡಿದಿದೆ ಅಂತ ಮರಳು ಕಾಗದ ತಗೊಂಡು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಕಳಿಸ್ತಾಳೆ. ಹೋದ ಸಲ ಸರಿಯಾಗಿ ಗೆರೆ ಮೇಲಿತ್ತು. ಈ ಸಲ ಪ್ರೀತಿ ಜಾಸ್ತಿ ಆಗಿದೆ."

ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ತುಟಿಯ ಮೇಲೆ ಬೆರಳಿಟ್ಟು ಅವಳಿಗೆ ಸುಮ್ಮನಿರುವಂತೆ ಸನ್ನೆ ಮಾಡಿದ. ಆ ಬೆರಳೋ, ಅವಳ ಎರಡು ಬೆರಳಿನಷ್ಟಿತ್ತು.

"ಹೂಂ ಅಮ್ಮಾ, ಚೆಕಿಂಗ್ ಆಯ್ತು. ಎಷ್ಟು ಫಳಫಳ ಅಂತಿದೆ ಅಂತ ಇಲ್ಲಿನ ಮೇಡಂ ಹೊಗಳಿದ್ರು." ಫೋನಿಟ್ಟು ತಲೆ ಕೆರೆದುಕೊಂಡ. "ಗೊತ್ತಾದ್ರೆ ತನ್ನಿಂದಲೇ ಹಾಳಾಯ್ತು ಅಂತ ಊಟ ಬಿಡ್ತಾಳೆ. ನಿಮ್ಮ ಹೆಸರಲ್ಲಿ ಒಂದು ಸುಳ್ಳು ಹೇಳ್ದೆ, ಕ್ಷಮಿಸಿ."

"ಅದು ಸುಳ್ಳಲ್ಲ. ಫಳಫಳ ಅಂತಿರೋದು ನಿಜ," ಎಂದಳು ಅವಳು. ನಗಬಾರದೆಂದುಕೊಂಡರೂ ನಗು ಬಂದುಬಿಟ್ಟಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ಅದೇ ಬಗ್ಗಿದ ತಲೆ.

"ಪೇಷಂಟ್ ಹೇಗಿದಾನೆ?"

"ಆರಾಮಾಗಿದಾನೆ. ನೋಡೋಕೆ ಎರಡೇ ನಿಮಿಷ."

ಅವನು ಕಪಾಟಿನ ಜಾಲರಿಯ ಆಚೆಯಿಂದ ಗುಂಡನ್ನು ನೋಡಿದ ಒಂದು ನಿಮಿಷ. ಉಳಿದ ಒಂದು ನಿಮಿಷ ಯಾರನ್ನು ನೋಡಿದ ಎಂಬುದು ಅವಳಿಗೆ ಗೊತ್ತು. ರಿಜಿಸ್ಟರಿನಲ್ಲಿ ತಾರೀಖು ತಪ್ಪಾಗಿ ಬರೆದು ಹೊಡೆದು ಹಾಕಿದಳು.

"ನಿಮ್ಮ ತಂಡದವರು ಗುಂಡಣ್ಣ ಅಂತ ಕೂಗ್ತಿದ್ರು," ಎಂದಳು.

"ಊರೆಲ್ಲ ಹಾಗೇ ಕರೆಯುತ್ತೆ. ಆದ್ರೆ ನೀವು..." ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ನೀವು ಮಾತ್ರ ದಯವಿಟ್ಟು ಅಣ್ಣ ಅನ್ನಬೇಡಿ."

ಅವನು ಹೋದ ಮೇಲೂ ಅವಳ ಕೆನ್ನೆಯ ಬಿಸಿ ಇಳಿಯಲಿಲ್ಲ.

ಮೂರನೆಯ ದಿನ ಅವನು ತಮಾಷೆ ಮಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಬಲ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ ಹೇಳಿದ. ವಯಸ್ಸು ಮೂವತ್ತನಾಲ್ಕು. ಆ ಕಾಲಿಗೆ ಎರಡು ಆಪರೇಷನ್ ಆಗಿವೆ. ಇಂಥ ಕೂಟಗಳಲ್ಲಿ ಒಮ್ಮೆ ಏಳನೆಯವ, ಒಮ್ಮೆ ಐದನೆಯವ, ಎರಡು ಸಲ ನಾಲ್ಕನೆಯವ. ಪದಕದ ಕಟ್ಟೆ ಹತ್ತಿದ್ದೇ ಇಲ್ಲ. ನಾಳೆಯ ಫೈನಲ್ಲೇ ಕೊನೆ.

ಅವಳು ಕಪಾಟಿನ ಕಡೆ ನೋಡಿದಳು. ಅವನ ಎಂಟು ವರ್ಷದ ಜೊತೆಗಾರನನ್ನು ಬೀಗ ಹಾಕಿ ಕೂರಿಸಿದವಳು ತಾನೇ.

"ನಾಳೆ ಯಾವುದರಲ್ಲಿ ಎಸೀತೀರಿ?"

"ಕೂಟದವರು ಇಟ್ಟಿರೋ ಗುಂಡುಗಳಿವೆಯಲ್ಲ, ಅದ್ರಲ್ಲೇ ಒಂದು. ಆ ನೀಲಿದು. ಕೈಗಿನ್ನೂ ಒಗ್ಗಿಲ್ಲ."

"ನನ್ನ ಮೇಲೆ ಕೋಪ ಇಲ್ವಾ?"

"ಇದೆ. ನಾಳೆ ಮುಗೀಲಿ, ಎಲ್ಲಾ ಒಟ್ಟಿಗೆ ತೀರಿಸ್ಕೋತೀನಿ," ಎಂದು ಎದ್ದು ಕುಂಟುತ್ತ ಹೋದ. ಬಾಗಿಲಲ್ಲಿ ತಿರುಗಿ ನೋಡಿದ ಕಣ್ಣಿನಲ್ಲಿ ಕೋಪದ ಸುಳಿವೂ ಇರಲಿಲ್ಲ. ಅವಳಿಗೆ ಅದೇ ಹೆಚ್ಚು ನೋವಾಯಿತು.

ಫೈನಲ್ ದಿನ ಸಂಜೆ ಗುಂಡುಗಳ ಸ್ಟ್ಯಾಂಡಿನ ಪಕ್ಕದಲ್ಲಿ ಅವಳಿಗೆ ಡ್ಯೂಟಿ. ಅಧಿಕಾರಿಗಳು ಚಪ್ಪಾಳೆ ತಟ್ಟುವಂತಿಲ್ಲ, ಯಾರ ಪರವಾಗಿಯೂ ಮುಖ ಅರಳಿಸುವಂತಿಲ್ಲ.

ಅಷ್ಟು ಗುಂಡು ತೂಗಿದವಳು ಒಂದು ಎಸೆತವನ್ನೂ ಹತ್ತಿರದಿಂದ ನೋಡಿರಲಿಲ್ಲ. ಮೊದಲನೆಯವನು ಎಸೆದಾಗ ಬೆಚ್ಚಿಬಿದ್ದಳು. ತಾನು ಎರಡೂ ಕೈಯಲ್ಲಿ ಎತ್ತುವ ಕಬ್ಬಿಣ ಒಂದೇ ಕೈಯಿಂದ ಹೊರಟು, ದೀಪಗಳ ಬೆಳಕಿನಲ್ಲಿ ಒಂದು ಗಳಿಗೆ ಹಗುರಾಗಿ, ಆಮೇಲೆ ನೆಲಕ್ಕೆ ಧೊಪ್ಪೆಂದಿತು. ಆ ಸದ್ದು ಅವಳ ಅಂಗಾಲಿಗೆ ತಾಕಿತು. ಮನುಷ್ಯರಿಗೆ ಇದೂ ಸಾಧ್ಯವೇ ಎಂದು ಮೈ ಜುಂ ಎಂದಿತು.

ಅವನ ಮೊದಲ ಎಸೆತ ಸಪ್ಪೆ. ಎರಡನೆಯದಕ್ಕೆ ಕಾಲು ವೃತ್ತ ದಾಟಿ ಕೆಂಪು ಬಾವುಟ. ಮೂರು ಎಸೆತದ ಮೇಲೆ ಮೊದಲ ಎಂಟು ಜನಕ್ಕಷ್ಟೇ ಇನ್ನೂ ಮೂರು ಅವಕಾಶ; ಮೂರನೆಯದರಲ್ಲಿ ಹೇಗೋ ಉಳಿದುಕೊಂಡ. ಐದು ಮುಗಿದಾಗ ಮತ್ತದೇ ಸ್ಥಾನ, ನಾಲ್ಕು.

ತನ್ನಿಂದಲೇ ಹೀಗಾಯಿತು ಎಂದುಕೊಂಡಳು ಅವಳು.

ಕೊನೆಯ ಎಸೆತಕ್ಕೆ ಅವನು ಸ್ಟ್ಯಾಂಡಿನ ಬಳಿ ಬಂದ. ನೀಲಿ ಗುಂಡನ್ನು ಟವೆಲಿನಲ್ಲಿ ಒರೆಸಿ, ಅಂಗೈಯಲ್ಲಿ ತೂಗಿ ನೋಡಿ, ಅವಳತ್ತ ಹುಬ್ಬೇರಿಸಿದ. ತೂಕ ಸರಿ ಇದೆ ತಾನೇ ಎಂದು ಕೇಳುವ ಹಾಗೆ.

ಅವಳು ಕಣ್ಣನ್ನು ಒಮ್ಮೆ ನಿಧಾನವಾಗಿ ಮುಚ್ಚಿ ತೆರೆದಳು. ಕಣ್ಣು ಮಿಟುಕಿಸಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ.

ಅವನು ವೃತ್ತದೊಳಗೆ ಹೋಗಿ ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡ. ಇಡೀ ಸ್ಟೇಡಿಯಂ ಉಸಿರು ಬಿಗಿಹಿಡಿಯಿತು. ಆ ಭಾರಿ ದೇಹ ಒಮ್ಮೆ ಕುಗ್ಗಿ, ಎರಡು ಆಪರೇಷನ್ನಿನ ಕಾಲಿನ ಮೇಲೆ ಬುಗುರಿಯ ಹಾಗೆ ತಿರುಗಿತು. ಒಡಲಾಳದಿಂದ ಬಂದ ಕೂಗಿನೊಡನೆ ಕೈ ಚಾಚಿಕೊಂಡಿತು.

ಗುಂಡು ಏರಿತು. ಏರುತ್ತಲೇ ಇತ್ತು. ಅವಳಿಗೆ ತೂಕ ಎಂಬ ಮಾತೇ ಮರೆತುಹೋಯಿತು. ಅಷ್ಟು ಸುಂದರವಾದದ್ದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

ಬಿಳಿ ಬಾವುಟ. ಇಪ್ಪತ್ತೆರಡು ಮೀಟರ್ ನಾಲ್ಕು ಸೆಂಟಿಮೀಟರ್. ಅವನಿಗಿಂತ ಮೇಲಿದ್ದ ಮೂವರೂ ಎಸೆದು ಮುಗಿಸಿದಾಗ, ಮೊದಲಿದ್ದವನೊಬ್ಬನೇ ಮುಂದೆ ಉಳಿದ. ನಾಲ್ಕನೆಯವನು ಎರಡನೆಯವನಾಗಿದ್ದ.

ಜನ ಎದ್ದು ನಿಂತು ಕೂಗುತ್ತಿದ್ದರು. ಅವಳು ಚಪ್ಪಾಳೆ ತಟ್ಟದಿರಲೆಂದು ತನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹಿರಿಯ ತೀರ್ಪುಗಾರರು ನೀಲಿ ಗುಂಡನ್ನು ಅವಳ ಕೋಣೆಗೇ ತಂದರು. "ರಾಷ್ಟ್ರೀಯ ದಾಖಲೆ ಇದು. ಇನ್ನೊಂದ್ಸಲ ತೂಗಿ ಸಹಿ ಹಾಕ್ಬೇಕಮ್ಮ. ಒಂದು ಗ್ರಾಂ ಕಡಿಮೆ ಬಂದ್ರೂ ದಾಖಲೆ ಇಲ್ಲ."

ಗುಂಡಿನ ಮೇಲೆ ಅವನ ಬೆರಳುಗಳ ಬಿಳಿ ಪುಡಿ ಇನ್ನೂ ಇತ್ತು. ಅವಳು ಅದನ್ನು ಒಂದಿಷ್ಟೂ ಉಳಿಯದಂತೆ ಒರೆಸಿ, ಗುಂಡನ್ನು ತಕ್ಕಡಿಯ ಮೇಲಿಟ್ಟಳು. ಏಳು ಕೆಜಿ ಇನ್ನೂರ ಅರವತ್ತನಾಲ್ಕು. ಹಾಲು ಕುಡಿದಷ್ಟು ಸಮಾಧಾನವಾಯಿತು. ಸಹಿ ಹಾಕಿದ ಕಾಗದದ ಮೇಲೆ ಒಂದು ಹನಿ ಬಿದ್ದಾಗ ಹಿರಿಯರು ಕಂಡೂ ಕಾಣದವರಂತೆ ಹೊರಟುಹೋದರು.

ಪದಕ ಹಾಕಿಕೊಂಡೇ ಬಂದ ಅವನು ಬಾಗಿಲಲ್ಲಿ ತಲೆ ಬಗ್ಗಿಸುವುದನ್ನು ಮರೆತು ಹಣೆ ಬಡಿದುಕೊಂಡ.

"ಮೊನ್ನೆ ನೀವು ಅಯ್ಯೋ ಪಾಪ ಅಂತ ಬಿಟ್ಟಿದ್ರೆ, ಇವತ್ತು ಇದೇ ತಕ್ಕಡಿ ಮೇಲೆ ಎಲ್ಲಾ ಕಳ್ಕೋತಿದ್ದೆ," ಎಂದ ಹಣೆ ಉಜ್ಜಿಕೊಳ್ಳುತ್ತ. ಧ್ವನಿ ಒಡೆದಿತ್ತು.

ಅವಳು ಅವನ ಹಳೆಯ ಗುಂಡನ್ನು ಕೊಡಲು ಕಪಾಟು ತೆರೆದಳು. ಅಷ್ಟರಲ್ಲಿ ಫೋನ್ ಬಂತು. ಅವನ ಮುಖ ಸಪ್ಪಗಾಯಿತು.

"ಅಮ್ಮ. ಟೀವೀಲಿ ಗುಂಡು ನೀಲಿ ಕಾಣ್ತಿತ್ತಲ್ಲೋ ಅಂತ ಮೆಸೇಜ್ ಮೇಲೆ ಮೆಸೇಜ್. ನೀವೇ ಮಾತಾಡಿ. ನಂಗೆ ಇನ್ನು ಸುಳ್ಳು ಹೇಳಕ್ಕಾಗಲ್ಲ, ನಿಮಗೆ ಬರೋದೇ ಇಲ್ಲ."

ಅವಳು ಫೋನ್ ತೆಗೆದುಕೊಂಡಳು. "ನಮಸ್ಕಾರ ಅಮ್ಮ. ನಿಮ್ಮ ಗುಂಡು ಮೂರು ಗ್ರಾಂ ಕಡಿಮೆ ಇತ್ತು. ನಾನೇ ಬೇಡ ಅಂದೆ."

"ನಾನು ಉಜ್ಜಿದ್ದಕ್ಕಾ?"

"ಹೌದಮ್ಮ."

"ಅಯ್ಯೋ ನನ್ನ ಕೈಗಿಷ್ಟು!" ಒಂದು ನಿಟ್ಟುಸಿರು. ಆಮೇಲೆ ದನಿ ಮೆತ್ತಗಾಯಿತು. "ತೂಕದ ಮೇಡಂ ಅಂದ್ರೆ ನೀನೇನಾ? ಮೂರು ದಿನದಿಂದ ಫೋನ್ ಮಾಡಿದ್ರೆ ನಿಂದೇ ಜಪ. ಗುಂಡಿನ ವಿಷಯ ಹಾಳಾಗಿ ಹೋಗ್ಲಿ. ನನ್ನ ಮಗ ಆಗಬಹುದಾ ನಿಂಗೆ?"

ಫೋನಿನ ದನಿ ಕೋಣೆಗೆಲ್ಲ ಕೇಳುವಷ್ಟಿತ್ತು. ಅವನ ಕಿವಿಗಳು ಕೆಂಪಗಾಗಿದ್ದವು. ಸಾವಿರಾರು ಜನರೆದುರು ಹೆದರದವನು ಅವಳ ಉತ್ತರಕ್ಕೆ ಬೆವರುತ್ತಿದ್ದ.

"ಅಮ್ಮಾ, ಪರೀಕ್ಷೆ ಮಾಡದೆ ನಾನು ಯಾವುದನ್ನೂ ಪಾಸ್ ಮಾಡಲ್ಲ," ಎಂದಳು ಅವಳು. ಅವನ ಕಡೆ ತಿರುಗಿದಳು. "ಕೈ ಇಡಿ ಇಲ್ಲಿ."

ಅವನು ಬಿಳಿ ಪುಡಿ ಅಂಟಿದ ಬಲಗೈಯನ್ನು ತಕ್ಕಡಿಯ ಮೇಲಿಟ್ಟ. ಹಸಿರು ಅಂಕಿಗಳು ಹೊಯ್ದಾಡತೊಡಗಿದವು.

ಅವು ನಿಲ್ಲುವ ತನಕ ಅವಳು ಕಾಯಲಿಲ್ಲ, ಅವುಗಳ ಕಡೆ ನೋಡಲೂ ಇಲ್ಲ. ಒಂದು ಹಸಿರು ಸ್ಟಿಕ್ಕರ್ ಕಿತ್ತು ಅವನ ಮುಂಗೈಗೆ ಅಂಟಿಸಿ, ಅದು ಬಿಟ್ಟುಹೋಗದಂತೆ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದಳು.