ಉಪ್ಪುಗಟ್ಟಿದ ಕಂಬಳಿ

"ಏಯ್! ಕಣ್ಣು ಕಾಣಂಗಿಲ್ಲೇನು ನಿನಗೆ? ನಿನ್ನ ಕುರಿ ನಮ್ಮ ನೂಲೆಲ್ಲಾ ನೆಕ್ತಾ ಐತೆ!"

ಬಿ.ಜಿ. ಕೆರೆಯ ಬಯಲಲ್ಲಿ ಕೆಂಚಕ್ಕನ ಕೂಗಿಗೆ ಬೇಲಿ ಮೇಲಿನ ಕಾಗೆಗಳೂ ಹಾರಿಹೋದವು. ಅವಳ ಅಪ್ಪ ದೊಡ್ಡೀರಪ್ಪ ಕಂಬಳಿ ನೇಯುವವನು. ನೂಲಿನ ಎಳೆಗಳನ್ನು ಉದ್ದಕ್ಕೆ ಬಿಗಿದು, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಲು ಬಿಟ್ಟಿದ್ದ. ಕಾಯಲು ಕೂತ ಮಗಳಿಗೆ ಒಂದು ಗಳಿಗೆ ಕಣ್ಣು ಹತ್ತಿತ್ತು, ಅಷ್ಟೇ. ಎದ್ದು ನೋಡಿದರೆ ಒಂದು ಕರಿ ಟಗರು ತನ್ನ ಮಾವನ ಮನೆಗೆ ಬಂದಷ್ಟು ಸಲೀಸಾಗಿ ನಿಂತು ಗಂಜಿ ನೆಕ್ಕುತ್ತಿದೆ!

ಟಗರಿನ ಹಿಂದೆ ಒಬ್ಬ ಹುಡುಗ. ಎಣ್ಣೆ ಕಾಣದ ಕೂದಲು, ಹೆಗಲ ಮೇಲೆ ಕೋಲು, ಮುಖದ ತುಂಬಾ ನಗು.

"ನೆಕ್ಕಲಿ ಬಿಡು. ಕುರಿ ಸುಮ್ಮನೆ ನೆಕ್ಕಲ್ಲ. ಏನೋ ರುಚಿ ಐತೆ ಅಂತ ಲೆಕ್ಕ."

"ನಿನ್ನ ಬೆನ್ನಿಗೂ ಎರಡು ಬಿಟ್ರೆ ಅದರ ರುಚೀನೂ ಗೊತ್ತಾಗ್ತೈತೆ!"

ಅವನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. "ತಗೋ, ಬಿಡು."

ಕೆಂಚಕ್ಕ ಕೋಲು ಕಿತ್ತುಕೊಂಡಳು. ಹೊಡೆಯಲಿಲ್ಲ. ಯಾಕೆ ಹೊಡೆಯಲಿಲ್ಲ? ಅದನ್ನು ಅವಳು ಆ ರಾತ್ರಿಯೆಲ್ಲಾ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದೂ ಕೇಳಿಕೊಂಡಳು.

ಅವನ ಹೆಸರು ಯತ್ತಪ್ಪ. ನನ್ನಿವಾಳದವನು. ಅಪ್ಪ ಅವ್ವ ಇಲ್ಲ, ಕಣ್ಣು ಮಂಜಾದ ಅಜ್ಜಿ ಹುಚ್ಚಕ್ಕ ಒಬ್ಬಳೇ ದಿಕ್ಕು. ಕೋಲು ವಾಪಸು ಕೇಳುವ ನೆವದಲ್ಲಿ ಮತ್ತೆ ಬಂದ. ಕೋಲು ಸಿಕ್ಕ ಮೇಲೂ ಬಂದ! ಮೂರನೇ ಸಲ ಬಂದಾಗ ಕೆಂಚಕ್ಕನ ಅವ್ವ ಪಾಪಕ್ಕ ಗಂಡನ ಮುಂದೆ ನಕ್ಕಳು. "ಆ ಹುಡುಗ ಮರೆತಿರೋದು ಕೋಲಲ್ಲ ಕಣ್ರೀ."

ಆ ಹಟ್ಟಿಗಳಲ್ಲಿ ಒಂದು ರೂಢಿ ಇತ್ತು. ಗಂಡಿನ ಕಡೆಯವರು ಉಣ್ಣೆ ತರಬೇಕು, ಹೆಣ್ಣು ನೂಲಬೇಕು, ಹೆಣ್ಣಿನಪ್ಪ ನೇಯಬೇಕು. ವೀಳ್ಯದ ದಿನ ಆ ಕಂಬಳಿ ಗಂಡಿನ ಹೆಗಲೇರುತ್ತದೆ. ಮದುವೆಯಲ್ಲಿ ಇಬ್ಬರೂ ಅದರ ಮೇಲೇ ಕೂರುತ್ತಾರೆ. ಗಂಡಿಗೆ ಬೇಡವಾಯಿತೋ, ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕಂಬಳಿ ಮಡಿಸಿ ಹೆಣ್ಣಿನ ಮನೆಗೆ ಕಳಿಸಿದರೆ ಮುಗಿಯಿತು. ಆಮೇಲೆ ಹೆಣ್ಣಿನವರು ಯಾಕೆ ಎಂದು ಕೇಳುವಂತಿಲ್ಲ, ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

ಕೆಂಚಕ್ಕ ಮನಸ್ಸಿಟ್ಟು ನೂತಳು. ಕರಿ ಉಣ್ಣೆಯ ನಡುವೆ ಅಂಚಿಗೆ ಒಂದೇ ಒಂದು ಕೆಂಚು ಎಳೆ ಸೇರಿಸಿದಳು. ಅಪ್ಪ ನೇಯುವಾಗ ಅದನ್ನು ಕಂಡ. ಕಂಡೂ ಕಾಣದಂತೆ ನೇಯ್ದ.

ವೀಳ್ಯವಾಯಿತು, ಮಾಘಕ್ಕೆ ಮದುವೆ ಎಂದು ಮಾತಾಯಿತು. ಕಾರ್ತೀಕದಲ್ಲಿ ಯತ್ತಪ್ಪ ಆ ಕಂಬಳಿ ಹೊದ್ದು ಹಿತ್ತಲ ಬೇಲಿಯ ಹತ್ತಿರ ಬಂದು ನಿಂತ.

"ನಾನು ಹಡಗು ಹತ್ತಿ ಬರ್ತೀನಿ ಕೆಂಚಿ."

"ಏನು?!"

ರಾಯದುರ್ಗಕ್ಕೆ ರೈಲು ಬಂದು ಆಗ ನಾಲ್ಕೈದು ವರ್ಷವಾಗಿತ್ತು, ಅಷ್ಟೇ. ರೈಲನ್ನೇ ಕಾಣದವಳ ಮುಂದೆ ಇವನು ಹಡಗಿನ ಮಾತಾಡುತ್ತಿದ್ದಾನೆ! ಬಿಳಿ ದೊರೆಗಳು ಊರು ನೋಡುತ್ತಾ ಸಮುದ್ರದಲ್ಲಿ ತಿರುಗುವ ಹಡಗಂತೆ. ಅದರ ಅಡುಗೆಮನೆಗೆ ಜೀವಂತ ಕುರಿಗಳೇ ಬೇಕಂತೆ. ರಾಯದುರ್ಗದ ದಲ್ಲಾಳಿ ಕುರಿ ಕೊಂಡಿದ್ದಾನೆ. ಆದರೆ ಹಡಗಿನಲ್ಲಿ ಅವಕ್ಕೆ ಮೇವು ನೀರು ನೋಡುವವರಿಲ್ಲ.

"ಗೋವೆ ಬಂದರಿನಾಗೆ ಹತ್ತೋದು, ಬೊಂಬಾಯಿನಾಗೆ ಇಳಿಯೋದು, ರೈಲು ಹಿಡಿದು ಬರೋದು. ಅಮಾಸೆ ಒಳಗೆ ಇಲ್ಲಿರ್ತೀನಿ. ಮದುವೆ ಖರ್ಚಿಗೂ ಆಗ್ತೈತೆ. ಮತ್ತೆ... ಸಮುದ್ರದ ನೀರು ಉಪ್ಪಂತೆ!"

"ಸುಳ್ಳು. ಅಷ್ಟು ನೀರಿಗೆ ಉಪ್ಪು ಹಾಕಿದೋರು ಯಾರು?"

"ರುಚಿ ನೋಡಿ ಬಂದು ಹೇಳ್ತೀನಿ."

"ಬೇಗ ಬಾ..." ಎಂದಳು. ಇನ್ನೂ ಏನೋ ಹೇಳಬೇಕಿತ್ತು. ಅವ್ವ ಒಳಗಿನಿಂದ ಕೂಗಿದಳು, ಕೆಂಚಕ್ಕ ಒಳಗೆ ಓಡಿದಳು.

ಅಮಾವಾಸ್ಯೆ ಬಂತು, ಹೋಯಿತು. ಅವನು ಬರಲಿಲ್ಲ.

ಮಾರ್ಗಶಿರದ ಒಂದು ಬೆಳಿಗ್ಗೆ ರಾಯದುರ್ಗದ ಗಾಡಿ ಜೋಗಪ್ಪ ಮನೆ ಮುಂದೆ ಎತ್ತು ನಿಲ್ಲಿಸಿದ.

"ಏಮಮ್ಮಾ ಕೆಂಚಕ್ಕ, ನಿನಗೇನೋ ಬಂದೈತೆ. ರೈಲಿನಾಗೆ ಕೈಯಿಂದ ಕೈಗೆ ಬಂತಂತೆ. ಬಿ.ಜಿ. ಕೆರೆ ಕೆಂಚಕ್ಕಗೆ ಮುಟ್ಟಿಸ್ರಿ ಅಂದ್ರು, ಬ್ಯಾರೆ ಏನೂ ಹೇಳಲಿಲ್ಲ."

ಗೋಣಿ ಬಿಚ್ಚಿದಳು. ಒಳಗೆ ಕಂಬಳಿ. ನೀಟಾಗಿ ಮಡಿಸಿದ ಕಂಬಳಿ. ಅಂಚಿನಲ್ಲಿ ಒಂದೇ ಒಂದು ಕೆಂಚು ಎಳೆ...

ಪಾಪಕ್ಕನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಮಡಿಸಿದ ಕಂಬಳಿ ಎಲ್ಲವನ್ನೂ ಹೇಳಿಬಿಟ್ಟಿತ್ತು.

'ನಾನು ಏನು ತಪ್ಪು ಮಾಡಿದೆ? ಬೇಡ ಅನ್ನೋ ಮನಸ್ಸಿದ್ದರೆ ಬೇಲಿ ಹತ್ತಿರ ನಿಂತು ಅಷ್ಟು ಹೊತ್ತು ನಕ್ಕಿದ್ದು ಯಾಕೆ?'

ಊರಿನ ಬಾಯಿಗೆ ಬೀಗ ಉಂಟೆ? "ಬೊಂಬಾಯಿ ನೀರು ಕುಡಿದೋನು ಈ ಜಾಲಿ ಮುಳ್ಳಿನ ಸೀಮೆಗೆ ಬರ್ತಾನಾ?" ಎಂದರು. ಗೌರಸಮುದ್ರದಿಂದ ಬೇರೆ ಸಂಬಂಧ ಬಂತು. ಒಳ್ಳೆಯ ಮನೆ, ಹುಡುಗನೂ ಒಳ್ಳೆಯವನೇ. ಕೆಂಚಕ್ಕ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕಂಬಳಿಯನ್ನು ಒಯ್ದು ಕುರಿದೊಡ್ಡಿಯ ಬೇಲಿಯ ಮೇಲೆ ಬಿಸಾಕಿದಳು. ಮಳೆಗೆ ನೆನೆಯಲಿ, ಬಿಸಿಲಿಗೆ ಸುಡಲಿ, ನನಗೇನು!

ಮರುದಿನ ಹಾಲು ಕರೆಯಲು ಹೋದವಳು ದೊಡ್ಡಿಯ ಬಾಗಿಲಲ್ಲೇ ನಿಂತುಬಿಟ್ಟಳು.

ಕುರಿಗಳೆಲ್ಲಾ ಬೇಲಿಗೆ ಮುತ್ತಿಗೆ ಹಾಕಿದ್ದವು. ಒಂದರ ಮೇಲೊಂದು ಬಿದ್ದು, ಮುಂಗಾಲೆತ್ತಿ, ಕಂಬಳಿಯನ್ನು ನೆಕ್ಕುತ್ತಿದ್ದವು! ಮರಿಗಳು ಅಂಚನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದವು.

"ಹಚಾ! ಹಚಾ!"

ಓಡಿಸಿದರೆ ಮತ್ತೆ ಬಂದವು. ಆಗ ಅವಳ ಕಿವಿಯಲ್ಲಿ ಆ ಹಾಳು ನಗು ಮತ್ತೆ ಕೇಳಿಸಿತು. ಕುರಿ ಸುಮ್ಮನೆ ನೆಕ್ಕಲ್ಲ...

ಕಂಬಳಿಯನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದಳು. ಎಳೆಗಳ ಸಂದಿಯಲ್ಲಿ ಬಿಳಿ ಪುಡಿ. ಅಂಚನ್ನು ನಾಲಿಗೆಗೆ ಮುಟ್ಟಿಸಿದಳು.

ಉಪ್ಪು! ಬರೀ ಉಪ್ಪು!

ಬೆವರಿನ ಉಪ್ಪಲ್ಲ. ಈ ತುದಿಯಿಂದ ಆ ತುದಿಯವರೆಗೂ ಉಪ್ಪು. ಅಂದರೆ ಇದು ಸಮುದ್ರದಲ್ಲಿ ಮುಳುಗಿ ಎದ್ದ ಕಂಬಳಿ. ಹಾಗಾದರೆ ಇದನ್ನು ಹೊದ್ದಿದ್ದವನು...?

ಒಂದು ಕ್ಷಣದ ಹಿಂದೆ ಇದ್ದ ಸಿಟ್ಟು ಎಲ್ಲಿ ಹೋಯಿತೋ! 'ದೇವರೇ, ಅವನು ನನ್ನ ಬಿಟ್ಟಿದ್ದರೂ ಚಿಂತೆ ಇಲ್ಲ. ಬದುಕಿರಲಿ, ಎಲ್ಲಾದರೂ ಬದುಕಿರಲಿ...'

"ಅಪ್ಪಾ! ನೆಕ್ಕಿ ನೋಡಪ್ಪಾ!"

ದೊಡ್ಡೀರಪ್ಪ ಮಗಳಿಗೆ ತಲೆ ಕೆಟ್ಟಿತೇನೋ ಎಂಬಂತೆ ನೋಡಿದ. ಆಮೇಲೆ ನಾಲಿಗೆಗೆ ಮುಟ್ಟಿಸಿದ.

"ಇರಬಹುದವ್ವಾ. ಆದ್ರೂ ಕಂಬಳಿ ಬಂದ ಮ್ಯಾಲೆ ನಾವು ಆ ಹೊಸ್ತಿಲು ತುಳಿಯಂಗಿಲ್ಲ."

"ನೀವು ತುಳಿಬ್ಯಾಡ್ರಿ. ನಾನು ತುಳೀತೀನಿ. ಆ ಮುದುಕಿ ಒಬ್ಬಳೇ ಐತಪ್ಪಾ ಅಲ್ಲಿ."

"ಮಂದಿ ಏನಂದಾರು?"

"ಮಂದಿ ಅನ್ನೋದು ಇನ್ನೂ ಬಾಕಿ ಉಳಿದೈತಾ?"

ಪಾಪಕ್ಕ ಒಳಗಿನಿಂದ ರೊಟ್ಟಿ ಬುತ್ತಿ ತಂದು ಮಗಳ ಕೈಗಿಟ್ಟಳು. ಅವ್ವ ಆಡಿದ ಮಾತು ಅದೊಂದೇ. ಅಪ್ಪ ಮುಖ ತಿರುಗಿಸಿ ಹೇಳಿದ. "ಮಾಘದ ಹುಣ್ಣಿಮೆ ತನಕ. ಆಮ್ಯಾಲೆ ನಾನೇ ಬಂದು ಕರ್ಕೊಂಡು ಬರ್ತೀನಿ. ಗೌರಸಮುದ್ರದೋರಿಗೆ ಮಾತು ಕೊಡ್ತೀನಿ."

ಜೋಗಪ್ಪನ ಗಾಡಿ ಚಳ್ಳಕೆರೆ ದಾರಿ ಹಿಡಿಯಿತು. ಅವಳು ಕೇಳಿಯೇ ಕೇಳಿದಳು. "ಜೋಗಣ್ಣ, ಸಮುದ್ರದ ಸುದ್ದಿ ಏನಾದ್ರೂ..."

ಜೋಗಪ್ಪ ಎತ್ತಿನ ಬಾಲ ಮುಟ್ಟಿ ತಡವರಿಸಿದ. "ಕಾರ್ತೀಕದಾಗೆ ದೊಡ್ಡ ಗಾಳಿ ಎದ್ದಿತ್ತಂತಮ್ಮ. ಟೇಸನ್ನಿನಾಗೆ ಮಾತಾಡ್ತಿದ್ರು. ದೊರೆಗಳ ಹಡಗೊಂದು ಬೊಂಬಾಯಿ ಮುಟ್ಟೇ ಇಲ್ವಂತೆ..."

ಚಳ್ಳಕೆರೆ ದಾಟುವವರೆಗೂ ಕೆಂಚಕ್ಕ ಕಂಬಳಿಯಲ್ಲಿ ಮುಖವಿಟ್ಟು ಅತ್ತಳು. ನನ್ನಿವಾಳ ಕಂಡಾಗ ಕಣ್ಣೊರೆಸಿಕೊಂಡಳು.

ಹುಚ್ಚಕ್ಕ ಜಗಲಿಯ ಮೇಲೆ ಕೂತಿದ್ದಳು. ಕಂಬಳಿಯನ್ನು ಕೈಯಲ್ಲಿ ತಡವಿ ಗುರುತು ಹಿಡಿದಳು. "ಇದು ನನ್ನ ಮೊಮ್ಮಗನ ಕಂಬಳಿ... ನಿನ್ನ ಹತ್ರ ಯಾಕೈತವ್ವಾ?"

ಏನು ಹೇಳಬೇಕು? ಆ ಮಂಜುಗಣ್ಣುಗಳ ಮುಂದೆ ನಿಜ ಹೇಳುವ ಎದೆ ಯಾರಿಗಿದೆ?

"ಕಳಿಸ್ಯಾನೆ ಅಜ್ಜಿ. ಚಳಿಗಾಲ, ಅಜ್ಜಿಗೆ ಹೊದಿಸು ಅಂದಾನೆ."

"ಮತ್ತೆ ಅವನು?"

"ಬರ್ತಾನೆ."

ಅಜ್ಜಿಗೆ ಹೇಳಿದ ಸುಳ್ಳನ್ನು ದಿನಾ ತನಗೂ ಹೇಳಿಕೊಳ್ಳುತ್ತಾ ಅವಳು ಅಲ್ಲಿ ಉಳಿದಳು. ಅಜ್ಜಿಗೆ ಮುದ್ದೆ ಮಾಡಿಕೊಟ್ಟಳು. ಅವನು ಬಿಟ್ಟುಹೋದ ಕುರಿಗಳನ್ನು ಕಾಯ್ದಳು. ಆ ಗಂಜಿಕಳ್ಳ ಟಗರು ಅವಳ ಹಿಂದೆಯೇ ತಿರುಗುತ್ತಿತ್ತು. ಪುಷ್ಯ ಕಳೆಯಿತು, ಮಾಘ ಬಂತು, ಚಂದ್ರ ದಿನದಿನಕ್ಕೂ ತುಂಬತೊಡಗಿದ. ಎಲ್ಲರಿಗೂ ಚೆಂದ ಕಾಣುವ ಚಂದ್ರ ಅವಳಿಗೆ ಮಾತ್ರ ವೈರಿಯಾಗಿದ್ದ.

ಹುಣ್ಣಿಮೆಯ ದಿನ ಹೇಳಿದಂತೆಯೇ ದೊಡ್ಡೀರಪ್ಪ ಬಂದ. ಹೊಸ್ತಿಲು ತುಳಿಯದೆ ಅಂಗಳದಲ್ಲೇ ನಿಂತ.

"ನಡಿಯವ್ವಾ."

ಕೆಂಚಕ್ಕ ಅಜ್ಜಿಯ ಕಾಲು ಮುಟ್ಟಿದಳು. ಅಜ್ಜಿ ಅವಳ ಕೈ ಬಿಡಲೊಲ್ಲಳು. "ಬರ್ತಾನೆ ಅಂದಿದ್ದೆಯಲ್ಲವ್ವಾ..."

ಆಗ ದೊಡ್ಡಿಯಲ್ಲಿ ಗದ್ದಲ! ಟಗರು ಕಿವಿ ನಿಮಿರಿಸಿತು, ಬೇಲಿ ಹಾರಿತು. ಹಿಂದೆಯೇ ಉಳಿದ ಕುರಿಗಳೂ ನುಗ್ಗಿದವು. ಎಲ್ಲವೂ ಊರ ಮುಂದಿನ ದಾರಿಯತ್ತ ಓಡಿದವು.

"ಏನಾಯ್ತೇ ಇವಕ್ಕೆ?" ಎಂದ ದೊಡ್ಡೀರಪ್ಪ.

ಕೆಂಚಕ್ಕ ಕಿವಿಗೊಟ್ಟಳು. ದೂರದಲ್ಲಿ, ಬಹಳ ದೂರದಲ್ಲಿ...

"ಹೋಯ್... ತ್ರ್ರ್ರ್ ಹೋಯ್..."

ಕುರಿಗಳು ಸುಮ್ಮನೆ ನೆಕ್ಕುವುದಿಲ್ಲ. ಸುಮ್ಮನೆ ಓಡುವುದೂ ಇಲ್ಲ!

"ಯತ್ತಪ್ಪಾ!" ಕೂಗಿಬಿಟ್ಟಳು. ಕೈಹಿಡಿಯುವವನ ಹೆಸರು ಹೇಳಬಾರದೆಂಬುದು ಕೂಗಿದ ಮೇಲೆ ನೆನಪಾಯಿತು. ನೆನಪಾದರೂ ನಿಲ್ಲಲಿಲ್ಲ, ಓಡಿದಳು.

ಅವನು ಅರ್ಧ ಮೈಯಾಗಿದ್ದ. ಗಡ್ಡ ಬೆಳೆದಿತ್ತು, ಕಾಲು ಒಡೆದಿತ್ತು. ಸುತ್ತ ಕುರಿಗಳು, ನಡುವೆ ಅವನು. ಅವಳನ್ನು ಕಂಡು ಬಾಯಿ ತೆರೆದುಕೊಂಡೇ ನಿಂತ.

"ನೀನು... ನಮ್ಮೂರಿನಾಗೆ?"

"ನೀನೆಲ್ಲಿ ಹಾಳಾಗಿ ಹೋಗಿದ್ದೆ?!" ಎಂದು ಅವನ ಎದೆಗೆ ಗುದ್ದಿದಳು. ಅಂದು ಹೊಡೆಯದೆ ಉಳಿಸಿದ ಏಟುಗಳೆಲ್ಲಾ ಅವತ್ತು ಬಿದ್ದವು. ಅವನು ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ.

ಜಗಲಿಯ ಮೇಲೆ ಅಜ್ಜಿ ಕೈ ಹಿಡಿದು ಕೂತುಕೊಂಡು ಅವನು ಹೇಳಿದ.

"ಗೋವೆ ಬಿಟ್ಟ ಮರುದಿನವೇ ಗಾಳಿ ಎದ್ದಿತು ಮಾವ. ನೀರು ಗುಡ್ಡದಂಗೆ ಬಂದು ಹಡಗಿನ ಮ್ಯಾಲೆ ಬೀಳ್ತಿತ್ತು. ಬಿಳಿಯರು, ನಮ್ಮೋರು, ಕುರಿ, ಎಲ್ಲಾ ಒಂದೇ. ಎಲ್ಲರೂ ಕಕ್ಕೋರೇ, ಎಲ್ಲರೂ ಅಳೋರೇ. ಒಬ್ಬ ಬಿಳಿ ಹುಡುಗಿ ಬೊಂಬಾಯಿನಾಗೆ ಮದುವೆ ಆಗೋಕೆ ಹೊರಟಿದ್ಲು. ಮದುವೆ ಬಟ್ಟೆ ಪೆಟ್ಟಿಗೆ ಸಮೇತ ನೀರಿಗೆ ಹೋಯ್ತು. ಆಕೆ ಭಾಷೆ ನನಗೆ ಬರಲ್ಲ. ಆದ್ರೆ ಅಳೋದು ಅರ್ಥ ಆಯ್ತು."

ಅವನು ಕೆಂಚಕ್ಕನನ್ನು ನೋಡಿದ, ಕೆಂಚಕ್ಕ ನೆಲ ನೋಡಿದಳು.

"ನನ್ನ ಪಕ್ಕದಾಗೆ ಅಗ್ಗದ ಟಿಕೀಟಿನಾಗೆ ಹತ್ತಿದ ಹುಬ್ಬಳ್ಳಿ ಕಡೆ ಅಜ್ಜಿ ಇತ್ತು. ಬೊಂಬಾಯಿನಾಗೆ ಮಗಳ ಬಾಣಂತನಕ್ಕೆ ಹೊರಟಿತ್ತು. ತೊಯ್ದು ಗಡಗಡ ನಡುಗ್ತಿತ್ತು. ಕಂಬಳಿ ಹೊದಿಸಿದೆ. 'ಯಾರು ನೂತಿದ್ದಪ್ಪಾ ಇದು, ಎಷ್ಟು ಬೆಚ್ಚಗೈತೆ' ಅಂತು. ಬಿ.ಜಿ. ಕೆರೆ ಕೆಂಚಕ್ಕ ಅಂದೆ. ಅಷ್ಟೇ ಹೇಳಿದ್ದು. ಗಾಳಿ ತಗ್ಗಿದ ಮ್ಯಾಲೆ ಹಡಗಿನ ಯಂತ್ರ ಕೆಟ್ಟು ನಿಂತಿತ್ತು. ಮೀನಿನೋರು ದೋಣಿ ತಂದು ಹೆಂಗಸರು ಮುದುಕರನ್ನ ಇಳಿಸ್ಕೊಂಡ್ರು. ಕಂಬಳಿ ಅಜ್ಜಿ ಮೈ ಮ್ಯಾಲೇ ಹೋಯ್ತು. ನಮ್ಮನ್ನ ಆ ಕಡೆ ಹೊರಟಿದ್ದ ಇನ್ನೊಂದು ಹಡಗು ಕಟ್ಟಿ ಎಳೀತು, ರಿಪೇರಿಗೆ ಅಂತ ಕೊಲಂಬೊಗೆ! ಬೊಂಬಾಯಿಗೆ ಹೊರಟೋರು ಲಂಕೆ ಸೇರಿದ್ವಿ. ಅಲ್ಲಿ ಕೂಲಿ ಮಾಡಿ, ಅರ್ಧ ರೈಲು ಅರ್ಧ ಕಾಲು, ಹಂಗೇ ಬಂದೆ."

"ಕುರಿ?" ಎಂದ ದೊಡ್ಡೀರಪ್ಪ. ಕುರಿಯವರ ಮನಸ್ಸು ಎಲ್ಲಿಗೆ ಹೋದೀತು!

"ಹಡಗಿನೋರು ತಿಂದ್ರು. ಅವಕ್ಕೂ ಏನೇನೋ ಆಸೆ ಇತ್ತೇನೋ, ಪಾಪ."

ಕೆಂಚಕ್ಕ ನಿಧಾನವಾಗಿ ಕಂಬಳಿಯನ್ನು ಬಂದಂತೆಯೇ ಮಡಿಸಿ ತಂದು ಅವನ ಮುಂದಿಟ್ಟಳು. "ಆ ಅಜ್ಜಿ ಕಳಿಸಿರಬೇಕು. ಮಡಿಸಿ, ನಮ್ಮ ಮನೆಗೇ."

ಯತ್ತಪ್ಪನ ಮುಖ ಬಿಳಿಚಿಕೊಂಡಿತು. ಆ ಮಡಿಕೆಯ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಅಯ್ಯೋ ದೇವರೇ! ಮಾವ, ನಾನಲ್ಲ... ಆ ಪುಣ್ಯಾತ್ಗಿತ್ತಿಗೆ ನಮ್ಮ ರೂಢಿ ಗೊತ್ತಿಲ್ಲ..."

ದೊಡ್ಡೀರಪ್ಪ ಎದ್ದ. ಕಂಬಳಿಯನ್ನು ಎತ್ತಿ ಮಡಿಕೆ ಬಿಚ್ಚಿದ, ಕೊಡವಿದ. ತಾನೇ ನೇಯ್ದ ಕಂಬಳಿಯನ್ನು ಎರಡನೇ ಸಲ ಅಳಿಯನ ಹೆಗಲಿಗೆ ಹಾಕಿದ. ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋಗಿ ಹುಚ್ಚಕ್ಕನ ಒಲೆಯ ಮುಂದೆ ಕೂತು, "ನಿಮ್ಮ ಮನೇಲಿ ಕುಡಿಯೋಕೆ ನೀರು ಸಿಗ್ತೈತೇನ್ರಜ್ಜಿ?" ಎಂದ. ಮಾಘ ಮುಗಿಯುವುದರೊಳಗೆ ಮದುವೆ ಎಂದು ಆ ನೀರಿನ ಚೆಂಬಿನ ಮುಂದೆಯೇ ನಿಶ್ಚಯವಾಯಿತು.

ಸಂಜೆ ದೊಡ್ಡಿಯ ಬೇಲಿಯ ಹತ್ತಿರ ಇಬ್ಬರೇ ನಿಂತರು. ಟಗರು ಬಂದು ಕಂಬಳಿಯ ಅಂಚನ್ನು ನೆಕ್ಕತೊಡಗಿತು.

"ನಿನಗೆ ಸಿಟ್ಟು ಬರಲಿಲ್ವಾ ಕೆಂಚಿ?"

"ಬಂತು. ಬೇಲಿ ಮ್ಯಾಲೆ ಬಿಸಾಕಿದೆ. ಆಮ್ಯಾಲೆ ಇವು ನೆಕ್ಕಿದ್ವು, ನಾನೂ ನೆಕ್ಕಿದೆ."

"ಸಮುದ್ರ ಉಪ್ಪು ಅಂದಿದ್ದೆ, ನೀನು ಸುಳ್ಳು ಅಂದಿದ್ದೆ."

"ಈಗಲೂ ಪೂರ್ತಿ ನಂಬಿಲ್ಲ. ಅದು ಸಮುದ್ರದ ಉಪ್ಪೋ, ನಿನ್ನ ಕಣ್ಣೀರಿನದೋ ಯಾರಿಗೆ ಗೊತ್ತು?"

ಯತ್ತಪ್ಪ ಕಂಬಳಿಯ ಒಂದು ಮಗ್ಗುಲನ್ನು ಅವಳ ಹೆಗಲಿಗೂ ಹೊದಿಸಿದ.

"ಎರಡೂ ಇತ್ತು ಕೆಂಚಿ."