ಮಯೂರಿಯ ಪಾಲಿನ ಬರಣಿ

"ನಿಮಗ ಒಂದ ಮಾತ ಹೇಳ್ಬೇಕ್ರಿ. ಕೇಳಿ ಎದ್ದ ಹೋದ್ರೂ ನಡೀತೈತಿ."

ಹೆಣ್ಣು ನೋಡಲು ಬಂದ ಗಂಡಿನ ಎದುರು ಹೀಗೆ ಮಾತು ಶುರು ಮಾಡಿದ ಹುಡುಗಿ ಗಡಹಿಂಗ್ಲಜದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಹಿತ್ತಲ ಬಾಗಿಲಲ್ಲಿ ಅವಳೆದುರು ನಿಂತಿದ್ದ ದತ್ತಾನ ಚಹಾದ ಕಪ್ಪು ತುಟಿಯ ಹತ್ತಿರವೇ ನಿಂತಿತು. ಕಬನೂರಿನ ಮಗ್ಗದ ಶೆಡ್ಡಿನಲ್ಲಿ ದುಡಿಯುವವನು, ಗದ್ದಲದಲ್ಲೇ ಬೆಳೆದವನು. ಇಷ್ಟು ಸಣ್ಣ ದನಿಗೆ ಅವನ ಎದೆ ಹೊಡೆದುಕೊಂಡಿದ್ದು ಇದೇ ಮೊದಲು.

"ನನಗ ವಾಸನಿ ತಿಳಿಯಂಗಿಲ್ಲ," ಎಂದಳು ಮಯೂರಿ. "ಕೊರೊನಾದಾಗ ಹೋದದ್ದು ತಿರುಗಿ ಬರಲಿಲ್ಲ. ಉಪ್ಪು, ಖಾರ, ಕಹಿ ತಿಳೀತೈತಿ. ಮಲ್ಲಿಗಿ, ಸೀಮಿಎಣ್ಣಿ ಎರಡೂ ನನಗ ಒಂದ."

"ಮತ್ತ ಅಡಗಿ ಹೆಂಗ ಮಾಡ್ತಿ?"

"ನೆನಪಿನ ಮ್ಯಾಲ."

ದತ್ತಾ ನಕ್ಕ. ಆ ನಗುವಿನಲ್ಲಿ ಕುಹಕ ಹುಡುಕಿದಳು ಮಯೂರಿ. ಸಿಗಲಿಲ್ಲ.

"ನನ್ನ ಮೂಗ ಐತೆಲ್ಲ. ಇಬ್ಬರಿಗೂ ಸಾಕಾಕ್ಕೈತಿ."

"ಯಾರಿಗೂ ಹೇಳಬ್ಯಾಡ್ರಿ. ನಿಮ್ಮ ಅವ್ವಗೂ..."

"ಹೇಳಂಗಿಲ್ಲ."

ಆ ಒಂದು ಮಾತಿಗೆ ಸೋತು ಮಯೂರಿ ಮದುವೆಗೆ ಒಪ್ಪಿದಳು. ಹುಚ್ಚು ಹುಡುಗಿ.

ಬೇಸಿಗೆ ಬಂತು. ಕಬನೂರಿನ ಮನೆಮನೆಯಲ್ಲೂ ವರ್ಷದ ಕಾಂದಾ-ಲಸೂಣ, ಅಂದರೆ ಈರುಳ್ಳಿ-ಬೆಳ್ಳುಳ್ಳಿ ಚಟ್ನಿಯ ಗಡಿಬಿಡಿ. ಒಣಮೆಣಸಿನಕಾಯಿ ಬಿಸಿಲಿಗೆ ಹಾಕಿ, ಮಸಾಲೆ ಹುರಿದು, ಡಂಕು ಎಂಬ ಕುಟ್ಟುವ ಯಂತ್ರಕ್ಕೆ ಒಯ್ದು ಕುಟ್ಟಿಸಬೇಕು. ಹೊಸ ಸೊಸೆ ಹದ ಮಾಡಿದ ಮೊದಲ ಚಟ್ನಿಯನ್ನು ಡಂಕಿನ ಮುಂದೆಯೇ ಓಣಿಯ ಹೆಂಗಸರು ಮೂಸಿ ನೋಡುವುದು ಅಲ್ಲಿಯ ಪದ್ಧತಿ. ಮೂಸಿ ಮೆಚ್ಚಿದರೆ ಅಡುಗೆಮನೆ ಅವಳದು.

"ತಮಾಲಪತ್ರ ನಾ ಕೊಡ್ತೇನಿ," ಎಂದು ಅತ್ತೆ ಗಂಗುಬಾಯಿ ಒಣ ಎಲೆಗಳ ಪುಡಿಕೆ ಮುಂದಿಟ್ಟಳು. "ಆಜರಾದ್ದು. ಹೊಸಾದು. ಹೆಂಗದಾವ ನೋಡು."

ತವರಿನಲ್ಲಿ ಮಯೂರಿ, ಬಿರ್ಯಾನಿಗೂ ಹಾಕುವ ಈ ತಮಾಲಪತ್ರವನ್ನು ಮೂಗಿನಿಂದಲೇ ಗುರುತು ಹಿಡಿದವಳು, ಎಲೆಯನ್ನು ಕಣ್ಣಿಟ್ಟು ನೋಡಿದವಳಲ್ಲ. ಈಗ ಏನು ಹೇಳುವುದು? ಒಂದು ಎಲೆ ಎತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು.

"ಭಾಳ ಘಮಾ ಅದಾವ್ರಿ ಅತ್ತಿ."

ಗಂಗುಬಾಯಿ ನಕ್ಕಳು. ಸೊಸೆಯನ್ನು ನೋಡಿ ಆಕೆ ಅಷ್ಟು ಪ್ರೀತಿಯಿಂದ ಎಂದೂ ನಕ್ಕಿರಲಿಲ್ಲ.

ಡಂಕು ನಿಂತಿತು. ಕೆಂಪಗೆ ಕುಟ್ಟಿ ಬಂದ ಚಟ್ನಿಯ ಸುತ್ತ ಹೆಂಗಸರು ಸೇರಿದರು. ಪಕ್ಕದ ಮನೆಯ ರಂಗುಬಾಯಿ ಚಿಟಿಕೆ ತೆಗೆದು ಮೂಸಿದಳು, ನಾಲಿಗೆಗೆ ಇಟ್ಟಳು, ಉಗುಳಿದಳು.

"ಕಾಯ್ ಗ, ನಾಕ್ ನಾಹಿ ಕಾ ತುಲಾ? ಮೂಗಿಲ್ಲೇನ ನಿನಗ?"

"ಇಲ್ಲ ನೋಡು!" ಗಂಗುಬಾಯಿ ಇದಕ್ಕೇ ಕಾದಿದ್ದಳು. ಸೆರಗಿನಿಂದ ಒಂದು ಒಣ ಎಲೆ ತೆಗೆದು ಎಲ್ಲರಿಗೂ ತೋರಿಸಿದಳು. "ಮಾವಿನ ಎಲಿ ಕೊಟ್ಟಿದ್ದೆ. ಘಮಾ ಐತಿ ಅಂದ್ಲು! ಖೊಟ್ಟಿ ಮಾಲ ನಮ್ಮ ಕೊರಳಿಗೆ ಕಟ್ಟ್ಯಾರ. ನಮ್ಮ ವರ್ಷದ ಚಟ್ನಿ ನಾ ನಿನ್ನೇನ ಕುಟ್ಟಿಸಿ ಇಟ್ಟೇನಿ. ಇದು ಈಕಿ ಪಾಲಿಂದು."

ಓಣಿ ಬಿದ್ದುಬಿದ್ದು ನಕ್ಕಿತು. ಮಯೂರಿ ಗಂಡನನ್ನು ನೋಡಿದಳು. ಮೆಣಸಿನಕಾಯಿಯ ಚೀಲ ಹೊತ್ತು ಬಂದಿದ್ದ ದತ್ತಾ ನೆಲ ನೋಡುತ್ತ ನಿಂತಿದ್ದ.

ನಾನು ಹೇಳಿದ್ದು ಇವರೊಬ್ಬರಿಗೇ... ಹಾಗಾದರೆ ಅತ್ತೆಗೆ ಹೇಳಿದವರು ಯಾರು?

"ಈ ಬರಣಿ ಮುಗಿಯೂತನಕ ಅಡಗಿಮನಿ ಹೊಸ್ತಿಲಾ ತುಳೀಬ್ಯಾಡ," ಎನ್ನುತ್ತ ಗಂಗುಬಾಯಿ ಆ ಚಟ್ನಿಯನ್ನೆಲ್ಲ ಒಂದು ಬರಣಿಗೆ ತುಂಬಿದಳು. "ನಿನ್ನ ಭಕ್ರಿಗೆ ಇದ ಚಟ್ನಿ."

ಅಂದಿನಿಂದ ಮಯೂರಿ ಪಡಸಾಲೆಯ ಮೂಲೆಯಲ್ಲಿ ಕುಳಿತು ಜೋಳದ ರೊಟ್ಟಿಗೆ ಆ ಕಹಿ ಚಟ್ನಿ ಹಚ್ಚಿಕೊಂಡು ತಿಂದಳು. ಒಳಗೆ ಸಾರು ಕುದಿಯುವಾಗ ಅತ್ತೆ ಬೇಕೆಂದೇ ಕೂಗುತ್ತಿದ್ದಳು: "ಏನ ವಾಸನಿ ಬರಾಕತ್ತೈತಿ, ಹೇಳ ನೋಡೂನು?" ದತ್ತಾ ಮಾತಾಡಿಸಲು ಬಂದರೆ ಮಯೂರಿ ಗೋಡೆಗೆ ಮುಖ ಮಾಡುತ್ತಿದ್ದಳು. ಬರಣಿ ಮುಗಿದ ದಿನ ತವರಿಗೆ ಹೋಗುವುದೆಂದು ನಿಶ್ಚಯಿಸಿದ್ದಳು. ಅದಕ್ಕಿಂತ ಮೊದಲು ಹೋದರೆ ಸೋತು ಓಡಿದಳೆಂದು ಓಣಿ ನಗುತ್ತದೆ.

ಆದರೆ ಬರಣಿ ಅವಳು ತಿಂದದ್ದಕ್ಕಿಂತ ಬೇಗ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಅದು ಗಂಗುಬಾಯಿಯ ಕಣ್ಣಿಗೂ ಬಿತ್ತು. ಬರಣಿಯನ್ನು ಮಯೂರಿಯ ಮಡಿಲಿಗೆ ಕುಕ್ಕಿದಳು.

"ಗಟಾರಕ್ಕ ಚೆಲ್ಲಾಕತ್ತಿ ಏನ? ಅನ್ನಕ್ಕ ಅವಮಾನ ಮಾಡೂಕಿ, ಇವತ್ತ ನಡೀ ನಿಮ್ಮ ಮನಿಗೆ!"

"ನಾ ಚೆಲ್ಲಿಲ್ರಿ ಅತ್ತಿ..."

"ಆಕಿ ಚೆಲ್ಲಿಲ್ಲ, ಅವ್ವಾ."

ಶೆಡ್ಡಿಗೆ ಹೊರಟಿದ್ದ ದತ್ತಾ ತಿರುಗಿ ಬಂದು ತನ್ನ ಊಟದ ಡಬ್ಬಿಯನ್ನು ತಾಯಿಯ ಮುಂದೆ ತೆರೆದಿಟ್ಟ. ಎರಡು ಭಕ್ರಿ. ಪಕ್ಕದಲ್ಲಿ ಮುದ್ದೆಯಾಗಿ ಅದೇ ಕೆಂಪು ಚಟ್ನಿ.

"ದಿನಾ ನಾ ತಿನ್ನಾಕತ್ತೇನಿ. ನೀ ಹಾಕಿದ ಪಲ್ಯಾ ಶೆಡ್ಡಿನಾಗ ಬಾಜೂ ಮಗ್ಗದ ಸಿದ್ರಾಮಗ ಕೊಡ್ತೇನಿ. ಬರಣಿ ಲಗೂ ಮುಗದ್ರ ಆಕಿ ಅಡಗಿಮನಿಗೆ ಬರ್ತಾಳಂತ. ಇನ್ನಮ್ಯಾಲ ಕದ್ದ ತಿನ್ನಂಗಿಲ್ಲ. ನಿನ್ನ ಚಟ್ನಿ ನನಗ ಬ್ಯಾಡ."

ಮಗ ತನ್ನ ಕೈಯ ಚಟ್ನಿ ಬೇಡ ಎನ್ನುವುದನ್ನು ಕೇಳಲು ಗಂಗುಬಾಯಿ ತಯಾರಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮಯೂರಿಗೆ ಕರುಣೆ ಬರಲಿಲ್ಲ. ಅತ್ತೆಯ ಮೇಲೂ ಇಲ್ಲ, ಗಂಡನ ಮೇಲೂ ಇಲ್ಲ.

"ಡಂಕಿನ ಮುಂದ ಈ ಬಾಯಿ ಎಲ್ಲಿ ಇಟ್ಟಿದ್ರಿ?"

"ಹೆದರಿದ್ದೆ." ದತ್ತಾ ಅವಳ ಎದುರು ನೆಲದ ಮೇಲೆ ಕುಳಿತ. "ಅವ್ವಗ ಹೇಳಿದಾಂವನೂ ನಾನ, ಮಯೂರಿ. ನಿನ್ನ ಸಂಭಾಳಿಸ್ತಾಳಂತ ತಿಳಿದಿದ್ದೆ. ಆಕಿ ಹಿಂಗ ಮಾಡ್ತಾಳಂತ ಕನಸಿನಾಗೂ ಅಂದ್ಕೊಂಡಿರಲಿಲ್ಲ. ಭಾಳ ತಪ್ಪಾತು."

ಎಷ್ಟೋ ದಿನ ತಡೆದ ಅಳು ಆಗ ಬಂತು. ಅವನು ಸುಳ್ಳು ಹೇಳಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ಈಗ ಏನು ಮಾಡಲಿ ಇವನನ್ನು?

ದತ್ತಾ ಚೀಲದಿಂದ ಎಲೆಗಳ ಕಟ್ಟು ತೆಗೆದ. "ರಜಾ ದಿನ ಆಜರಾಕ್ಕ ಹೋಗಿದ್ದೆ. ಕಣ್ಣ ಮುಚ್ಚು."

"ನನಗ ವಾಸನಿ..."

"ವಾಸನಿ ಕೇಳಾಕತ್ತಿಲ್ಲ. ಮುಚ್ಚು."

ಅವಳ ಬೆರಳು ಹಿಡಿದು ಎಲೆಯ ಬೆನ್ನ ಮೇಲೆ ತೊಟ್ಟಿನಿಂದ ತುದಿಯವರೆಗೆ ಮೆಲ್ಲಗೆ ಎಳೆದ. "ಉದ್ದಕ ಎಷ್ಟ ನರಾ ಅದಾವ?"

"...ಮೂರು."

ಅಂಗಳದಿಂದ ಆರಿಸಿ ತಂದಿದ್ದ ಇನ್ನೊಂದು ಎಲೆ ಕೊಟ್ಟ. "ಇದಕ?"

"ನಡುಕ ಒಂದ."

"ಅದು ಮಾವಿಂದು. ಮೂರ ಇದ್ದದ್ದು ತಮಾಲಪತ್ರ. ಇನ್ನ ನಿನಗ ಯಾರ ಮೂಗೂ ಬ್ಯಾಡ. ನಂದೂ ಬ್ಯಾಡ."

ಮಯೂರಿ ಕಣ್ಣು ತೆರೆದಳು. ಬೆರಳು ಇನ್ನೂ ಅವನ ಕೈಯಲ್ಲೇ ಇತ್ತು. ಬಿಡಿಸಿಕೊಳ್ಳಲಿಲ್ಲ.

"ಬರಣಿ ಇನ್ನೂ ಐತ್ರಿ."

"ಹೂಂ."

"ಉಳದದ್ದು ಅರ್ಧಾ ನಿಮ್ಮದು. ಕದ್ದ ಅಲ್ಲ. ಅತ್ತಿ ಮುಂದ, ನನ್ನ ಬಾಜೂಕ ಕುಂತು."

"ಭಾಳ ಕಹಿ ಐತಿ, ಮಯೂರಿ."

"ನನಗ ಗೊತ್ತೈತ್ರಿ. ಮೂಗ ಹೋಗೈತಿ, ನಾಲಿಗಿ ಹೋಗಿಲ್ಲ."

ದತ್ತಾ ಡಬ್ಬಿಯ ಭಕ್ರಿ ಮುರಿದು, ಚಟ್ನಿ ಹಚ್ಚಿ, ಮೊದಲ ತುತ್ತು ತಾನೇ ನುಂಗಿದ. ಅವನ ಕಣ್ಣಲ್ಲಿ ನೀರು ಬಂತು. ಮಯೂರಿ ನೀರಿನ ತಂಬಿಗೆ ಅವನ ಕಡೆ ಸರಿಸಲಿಲ್ಲ. ತಾನೂ ಒಂದು ತುಂಡು ಮುರಿದುಕೊಂಡಳು.

"ಇದು ಮುಗದ ಮ್ಯಾಲ ತವರಿಗೆ ಹೊರಟಿದ್ದೆ," ಎಂದಳು.

"ಈಗ?"

"ಈಗ... ಮುಗದ ಮ್ಯಾಲ ಈ ಎಲಿ ಹಾಕಿ ಬಿರ್ಯಾನಿ ಮಾಡ್ತೇನಿ. ನೀವು ಮೂಸಿ ಹೇಳ್ರಿ."